ಹೊಳೆ ದಾಟಿಸಿದ ಮರಿಗಳು

ಕಳೆದ ವರ್ಷ ಜುಲೈ ಮೊದಲ ವಾರ. ಆಷಾಢದ ಮಳೆ ಹಿಡಿದು ಕೂತಿತ್ತು. ಬೆಳಗಿನ ಜಾವ ಬಚ್ಚಲೊಲೆಗೆ ಬೆಂಕಿ ಹಾಕಲು ಹೋದ ಅಮ್ಮ ಅಲ್ಲಿಂದಲೇ ನನ್ನನ್ನು ಕೂಗಿ ಕರೆದರು. ಪಕ್ಕದ ಸೌದೆ ಕೊಟ್ಟಿಗೆಯಲ್ಲಿ, ಹಳೆಯ ಗೋಣಿಚೀಲಗಳ ರಾಶಿಯ ಮೇಲೆ, ನಮ್ಮ ಕೆಂಪಿ ಮಲಗಿತ್ತು. ಹೊಟ್ಟೆಗೆ ಅಂಟಿಕೊಂಡು ಏಳು ಮರಿಗಳು. ಇಲಿಯಷ್ಟು ದೊಡ್ಡವು, ಕಣ್ಣಿಲ್ಲ, ಕಿವಿಯಿಲ್ಲ, ಒದ್ದೆ ಮೈ. ಕೆಂಪಿ ನಮ್ಮನ್ನು ನೋಡಿ ಬಾಲ ಒಮ್ಮೆ ಬಡಿದು ಮತ್ತೆ ನೆಕ್ಕುವ ಕೆಲಸಕ್ಕೆ ತಿರುಗಿತು.

ಮಧ್ಯಾಹ್ನ ಚಿಕ್ಕಪ್ಪನ ಫೋನು ಬಂತು.

"ಎಷ್ಟು ಹಾಕ್ತು?"

"ಏಳು."

"ಗಂಡೆಷ್ಟು?"

"ಎರಡು."

"ಅಯ್ಯೋ, ಐದೂ ಹೆಣ್ಣಾ! ಕಪ್ಪು ಗಂಡು ಇದ್ರೆ ನಂಗಿರಲಿ. ಉಳಿದದ್ದನ್ನ ಕಣ್ಣು ಬಿಡೋದ್ರೊಳಗೆ ಹೊಳೆ ದಾಟಿಸಿಬಿಡು ಮಾರಾಯ್ತಿ. ಕಣ್ಣು ಬಿಟ್ಟ ಮೇಲೆ ಮನಸ್ಸು ಬರಲ್ಲ."

ಚಿಕ್ಕಪ್ಪ ಕ್ರೂರಿಯಲ್ಲ. ಮಳೆಗಾಲದಲ್ಲಿ ತೋಟದ ಕೆಲಸಕ್ಕೆ ಬಂದವರಿಗೆ ಮೊದಲು ಕಾಫಿ ಕೊಡಿಸಿ ಆಮೇಲೆ ತಾನು ಕುಡಿಯುವ ಮನುಷ್ಯ. ಆದರೆ 'ಹೊಳೆ ದಾಟಿಸುವುದು' ನಮ್ಮ ಮನೆಯ ಹಳೆಯ ಮಾತು. ಹೆಣ್ಣು ಮರಿಗಳನ್ನು ಗೋಣಿಚೀಲಕ್ಕೆ ಹಾಕಿ ಭದ್ರಾ ಹೊಳೆಯ ಆಚೆ ದಡದಲ್ಲಿ, ಯಾವುದಾದರೂ ಅಂಗಡಿಯ ಹತ್ತಿರ, ಬಿಟ್ಟು ಬರುವುದಕ್ಕೆ ಹಾಗೆನ್ನುತ್ತಿದ್ದರು. ನೀರು ದಾಟಿದ ನಾಯಿಗೆ ವಾಸನೆ ತಪ್ಪುತ್ತದೆ, ವಾಪಸ್ ಬರುವುದಿಲ್ಲ ಎಂಬ ನಂಬಿಕೆ ಅದರ ಹಿಂದಿತ್ತು.

ಆ ಚೀಲವನ್ನು ನಾನೂ ಒಮ್ಮೆ ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದೇನೆ. ಆಗ ನನಗೆ ಒಂಬತ್ತು ವರ್ಷ. ಹೆಬ್ಬಾಳೆ ಸೇತುವೆಯ ಮೇಲೆ ಇನ್ನೂ ನೀರು ಬಂದಿರಲಿಲ್ಲ. ಜೀಪು ದಾಟಿ ಹೊರನಾಡಿನ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ನಿಂತಿತು. ಚೀಲದ ಬಾಯಿ ಬಿಚ್ಚಿದಾಗ ನಾಲ್ಕು ಮರಿಗಳು ಹೊರಗೆ ಬಂದು, ಒಂದರ ಮೇಲೊಂದು ಬಿದ್ದು, ನನ್ನ ಕಾಲಿನ ಹತ್ತಿರವೇ ಕೂತವು. "ಹತ್ತು, ಹತ್ತು" ಎಂದರು. ಹತ್ತಿದೆ. ಮನೆಗೆ ಬಂದ ಮೇಲೆ ತಾಯಿ ನಾಯಿ ಮೂರು ದಿನ ಆ ಖಾಲಿ ಚೀಲವನ್ನೇ ಮೂಸುತ್ತ ಓಡಾಡಿತು. ನಾನು ಅದರ ಕಣ್ಣಿಗೆ ಬೀಳದ ಹಾಗೆ ಇದ್ದೆ.

ಈ ಸಲ ದಾಟಿಸುವುದಿಲ್ಲ ಎಂದು ಅಮ್ಮನೂ ನಾನೂ ತೀರ್ಮಾನಿಸಿದೆವು. ಆದರೆ ಏಳು ಮರಿಗಳ ಪಕ್ಕದಲ್ಲಿ ಕೂತ ಆ ಎಂಟು ವಾರಗಳಲ್ಲಿ ಒಂದು ಪ್ರಶ್ನೆ ಕಾಡತೊಡಗಿತು. ನಾಯಿ ಸಾಕುವುದಕ್ಕೆ ಇಷ್ಟು ಹಳೆಯ ಹೆಸರಿರುವ ನಾಡು ನಮ್ಮದು. ಇಲ್ಲಿ ಮರಿ ಹಾಕುವ ನಾಯಿಯೇ ಯಾರಿಗೂ ಬೇಡವಾದದ್ದು ಹೇಗೆ?

*

ಕನ್ನಡನಾಡಿನ ನಾಯಿಯ ಚರಿತ್ರೆ ಎಂದರೆ ಮೊದಲು ಬರುವುದು ಆತಕೂರು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಅಲ್ಲಿದ್ದ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ ವರ್ಷ 872, ಅಂದರೆ ಕ್ರಿ.ಶ. 949–50ರ ಶಾಸನ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಅವನ ಜೊತೆಗಿದ್ದ ಗಂಗರ ಇಮ್ಮಡಿ ಬೂತುಗ, ತಕ್ಕೋಲದ ಯುದ್ಧದಲ್ಲಿ ಸತ್ತ ಚೋಳರ ರಾಜಾದಿತ್ಯ, ಇವರೆಲ್ಲರ ವಿಷಯ ಅದರಲ್ಲಿದೆ. ದಕ್ಷಿಣ ಭಾರತದ ರಾಜಕೀಯ ಚರಿತ್ರೆಗೆ ಅದು ದೊಡ್ಡ ಆಧಾರ. ಆದರೆ ಕಲ್ಲನ್ನು ನೋಡಲು ಹೋದವರಿಗೆ ಮೊದಲು ಕಾಣುವುದು ರಾಜರಲ್ಲ. ಮೇಲ್ಭಾಗದಲ್ಲಿ ಒಂದು ನಾಯಿಯೂ ಒಂದು ಕಾಡುಹಂದಿಯೂ ಕಚ್ಚಾಡುತ್ತಿರುವ ಕೆತ್ತನೆ.

ನಾಯಿಯ ಹೆಸರು ಕಾಳಿ. ಯುದ್ಧದಲ್ಲಿ ಗಟ್ಟಿಯಾಗಿ ನಿಂತ ಮಣಲೆರ ಎಂಬ ವೀರನನ್ನು ಮೆಚ್ಚಿದ ಒಡೆಯ, ಏನು ಬೇಕೋ ಬೇಡಿಕೋ ಎಂದ. ಮಣಲೆರ ಬೇಡಿದ್ದು ಈ ನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೆರ ಆತಕೂರಿನ ಶಿವಾಲಯದ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಗೊರವ ಉಣ್ಣಬಾರದು ಎಂಬ ಕಟ್ಟಳೆಯನ್ನೂ ಬರೆಸಿದ.

ಸಾವಿರ ವರ್ಷದ ಹಿಂದೆ ನಾಯಿಯೊಂದರ ಹೆಸರಿನಲ್ಲಿ ನಿತ್ಯಪೂಜೆ ಏರ್ಪಟ್ಟಿತ್ತು ಎಂಬುದನ್ನು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು. ಈ ಸಲ ಕೆಂಪಿಯ ಪಕ್ಕ ಕೂತು ಓದುವಾಗ ಬೇರೆಯೇ ಒಂದು ವಿಷಯ ಕಣ್ಣಿಗೆ ಬಿತ್ತು. ಕಾಳಿ ಯಾರಿಂದ ಯಾರಿಗೆ ಬಂತು, ಎಲ್ಲಿ ಕಾದಿತು, ಹೇಗೆ ಸತ್ತಿತು, ಎಲ್ಲವೂ ಕಲ್ಲಿನಲ್ಲಿದೆ. ಎಲ್ಲಿ ಹುಟ್ಟಿತು, ಯಾವ ನಾಯಿಯ ಮರಿ, ಯಾರ ಮನೆಯ ಬೂದಿಗುಡ್ಡೆಯ ಪಕ್ಕ ಬೆಳೆಯಿತು ಎಂಬುದಿಲ್ಲ. ವೀರಗಲ್ಲಿನ ಕ್ರಮವೇ ಅದು. ಮನುಷ್ಯರ ವೀರಗಲ್ಲಿನಲ್ಲಿಯೂ ಸಾವಿಗೆ ಸಿಗುವಷ್ಟು ಜಾಗ ಹುಟ್ಟಿಗೆ ಸಿಗುವುದಿಲ್ಲ.

ಆತಕೂರಿನ ಕಲ್ಲು ನಿಂತ ಸುಮಾರು 180 ವರ್ಷಗಳ ಮೇಲೆ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅರಸರ ವಿನೋದಗಳನ್ನು ಹೇಳುವ ಭಾಗದಲ್ಲಿ ಆನೆ, ಕುದುರೆ, ಕೋಳಿ, ಟಗರುಗಳ ಜೊತೆಗೆ ನಾಯಿಗೂ ಒಂದು ಅಧ್ಯಾಯವಿದೆ. ಅದರ ಹೆಸರು ಸಾರಮೇಯ ವಿನೋದ. ಅಲ್ಲಿಯೂ ನಾಯಿ ಬೇಟೆಗೆ ಬೇಕಾದ ಪ್ರಾಣಿ. ಆದರೆ ಆ ಹೆಸರಿನೊಳಗೇ ಒಬ್ಬ ತಾಯಿ ಇದ್ದಾಳೆ. ಸಾರಮೇಯ ಎಂದರೆ ಸರಮೆಯ ಮಗ. ಸರಮೆ ದೇವಲೋಕದ ಹೆಣ್ಣು ನಾಯಿ. ಸಂಸ್ಕೃತದಲ್ಲಿ ನಾಯಿಗೆ ಹೆಸರು ಬಂದದ್ದು ತಾಯಿಯ ಕಡೆಯಿಂದ.

ಮಹಾಭಾರತದ ಆದಿಪರ್ವದಲ್ಲಿ ಸರಮೆಯ ಕಥೆ ಬರುತ್ತದೆ. ಜನಮೇಜಯ ಯಾಗ ಮಾಡುತ್ತಿದ್ದಾಗ ಅಲ್ಲಿಗೆ ಬಂದ ಒಂದು ಮರಿಯನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ತಾಯಿಯ ಹತ್ತಿರ ಹೋಗುತ್ತದೆ. ನೀನೇನಾದರೂ ತಪ್ಪು ಮಾಡಿದೆಯಾ ಎಂದು ಸರಮೆ ಮೊದಲು ಮರಿಯನ್ನೇ ಕೇಳುತ್ತಾಳೆ. ಇಲ್ಲ, ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ ಎನ್ನುತ್ತದೆ ಮರಿ. ಆಗ ಆಕೆ ನೇರವಾಗಿ ಯಾಗಶಾಲೆಗೆ ಬಂದು, ತಪ್ಪಿಲ್ಲದ ನನ್ನ ಮಗುವನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಎಣಿಸದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸಿ ಹೋಗುತ್ತಾಳೆ. ಜನಮೇಜಯ ಬೆಚ್ಚಿ, ಶಾಪ ಕಳೆಯಬಲ್ಲ ಪುರೋಹಿತನನ್ನು ಹುಡುಕುತ್ತ ಹೊರಡುತ್ತಾನೆ. ಒಂಬತ್ತನೇ ವಯಸ್ಸಿನಲ್ಲಿ ತಾಯಿ ನಾಯಿಯ ಕಣ್ಣು ತಪ್ಪಿಸಿ ಓಡಾಡಿದ ನನಗೆ ಆ ಯಾಗಶಾಲೆಯ ಮೌನ ಚೆನ್ನಾಗಿ ಅರ್ಥವಾಗುತ್ತದೆ.

*

ಮತ್ತೆ ಮಲೆನಾಡಿಗೆ ಬರೋಣ. ಇಲ್ಲಿ ನಾಯಿಗೆ ಬೆಲೆ ಬಂದದ್ದು ಶಿಕಾರಿಯಿಂದ. ಹಳುವಿನಲ್ಲಿ ಅಡಗಿದ ಹಂದಿಯನ್ನು ಸೋವಿ ಎಬ್ಬಿಸುವುದು ನಾಯಿ, ಕೋವಿ ಹಿಡಿದು ಕಾಯುವವನು ಯಜಮಾನ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಅದರ ಗುತ್ತಿಗೆ ನಾಯಿಗುತ್ತಿ ಎಂದು ಹೆಸರು ಬಂದದ್ದೇ ಅವನ ನಾಯಿ ಹುಲಿಯನಿಂದ. ಕೊನೆಯಲ್ಲಿ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುವ ಹುಲಿಯನನ್ನು ಓದಿ ಅಳದವರು ಕಡಿಮೆ. ನಮ್ಮ ಮೂಡಿಗೆರೆಯ ತೇಜಸ್ವಿಯವರ 'ಕರ್ವಾಲೊ' 1980ರದ್ದು. ಅದರಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವವರ ಜೊತೆಯಲ್ಲಿ ಕಿವಿ ಎಂಬ ನಾಯಿಯೂ ಇದೆ. ಮಲೆನಾಡಿನ ಓದುಗರಿಗೆ ಹುಲಿಯ, ಕಿವಿ ಎರಡೂ ಪರಿಚಯದವರ ಮನೆಯ ನಾಯಿಗಳಿದ್ದಂತೆ. ಎರಡೂ ಕಾಡಿನ ದಾರಿಯಲ್ಲಿ ಮನುಷ್ಯನ ಜೊತೆ ನಡೆದ ನಾಯಿಗಳು. ಸೌದೆ ಕೊಟ್ಟಿಗೆಯಲ್ಲಿ ಮಲಗಿ ಹಾಲೂಡಿಸುವ ನಾಯಿಗೆ ಅಂಥ ಪ್ರಸಿದ್ಧಿ ಸಿಕ್ಕಿಲ್ಲ. ಅದು ಮನೆಯ ಹಿಂಬದಿಯ ಪ್ರಾಣಿ, ಅದರ ಕಥೆ ಗೊತ್ತಿದ್ದವರು ಹಿಂಬದಿಯಲ್ಲೇ ಕೆಲಸ ಮಾಡುತ್ತಿದ್ದ ಹೆಂಗಸರು.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಕಾಫಿ ತೋಟ ಮಾಡಲು ಈ ಗುಡ್ಡಗಳಿಗೆ ಬಂದರು. 1856ರಲ್ಲಿ ಮಂಜರಾಬಾದಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಚಿನ್ನ, ಶಿಕಾರಿ, ಕಾಫಿ ಮೂರೂ ಒಟ್ಟಿಗೆ ಇವೆ. ಬಂಗಲೆಗಳಿಗೆ ವಿಲಾಯಿತಿ ನಾಯಿಗಳು ಬಂದವು. ಅವುಗಳೊಂದಿಗೆ ನಮ್ಮ ಮಾತಿಗೂ ಹೊಸ ಭೇದ ಬಂತು: ಜಾತಿ ನಾಯಿ, ಕಂತ್ರಿ ನಾಯಿ. ಇಂಗ್ಲಿಷಿನ 'ಕಂಟ್ರಿ' ನಮ್ಮ ಬಾಯಲ್ಲಿ ಕಂತ್ರಿಯಾಯಿತು. ನಾಡಿನದು ಎಂಬ ಅರ್ಥದ ಮಾತು ಕೀಳು ಎಂಬ ಅರ್ಥ ಪಡೆಯಿತು. ಸಾವಿರ ವರ್ಷ ಹಂದಿ ಹಿಡಿದ ನಾಡ ನಾಯಿ ತನ್ನ ನಾಡಿನಲ್ಲೇ ಕಂತ್ರಿಯಾಯಿತು. ನಾವೂ ನಮ್ಮ ನಾಯಿಗಳಿಗೆ ಟಾಮಿ, ಟೈಗರ್, ಜಿಮ್ಮಿ ಎಂದು ಹೆಸರಿಡತೊಡಗಿದೆವು.

ಒಂದು ವಿಷಯ ಮಾತ್ರ ಗಮನಿಸಬೇಕು. ಲಂಡನ್ನಿನಲ್ಲಿ 1873ರಲ್ಲಿ ಕೆನಲ್ ಕ್ಲಬ್ ಶುರುವಾಗಿ ನಾಯಿಗಳ ವಂಶಾವಳಿ ಪುಸ್ತಕ ಇಡತೊಡಗಿತು. ಆ ಪುಸ್ತಕದಲ್ಲಿ ಮರಿಯ ಅಪ್ಪನ ಹೆಸರಿನ ಜೊತೆ ಅಮ್ಮನ ಹೆಸರೂ ಇರಬೇಕು. ಮರಿಗೆ ಬೆಲೆ ಬಂದಾಗ ತಾಯಿಗೆ ಹೆಸರು ಬರುತ್ತದೆ. ನಮ್ಮ ರಾಜ್ಯದಲ್ಲೇ ಇದಕ್ಕೆ ಉದಾಹರಣೆಯಿದೆ.

ಅದು ಬಾಗಲಕೋಟೆ ಜಿಲ್ಲೆಯ ಮುಧೋಳ. ಅಲ್ಲಿಯ ಬೇಟೆ ನಾಯಿ ಉದ್ದ ಕಾಲಿನದು, ಸಣ್ಣ ನಡುವಿನದು, ಗಾಳಿಯ ಹಾಗೆ ಓಡುವುದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಬೆಳೆಸಿದರು. ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿಗೆ ಹೋದಾಗ ದೊರೆ ಐದನೆಯ ಜಾರ್ಜ್‌ಗೆ ಒಂದು ಜೊತೆ ಮರಿಗಳನ್ನು ಕೊಟ್ಟ ಕಥೆಯನ್ನು ಅಲ್ಲಿಯವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಅಲ್ಲಿಯ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಆ ಭಾಗದ ಹಳ್ಳಿಗಳಲ್ಲಿ ಮನೆಯಲ್ಲೇ ಮರಿ ಮಾಡಿಸಿ ಮಾರಿ ಬದುಕುವ ಕುಟುಂಬಗಳಿವೆ. ಅಂಥ ಮನೆಯಲ್ಲಿ ಹೆಣ್ಣು ನಾಯಿ ಹಾಲು ಕರೆಯುವ ಎಮ್ಮೆಯಷ್ಟೇ ಬೇಕಾದ ಜೀವ, ಅದನ್ನು ಯಾರೂ ಹೊಳೆ ದಾಟಿಸುವುದಿಲ್ಲ.

ಹಾಗೆಂದು ಮಾರಾಟದಿಂದ ಹೆಣ್ಣು ನಾಯಿಗೆ ಒಳ್ಳೆಯದೇ ಆಯಿತು ಎನ್ನುವ ಹಾಗೂ ಇಲ್ಲ. 2022ರ '777 ಚಾರ್ಲಿ' ಸಿನಿಮಾ ನೋಡಿದವರಿಗೆ ಗೊತ್ತು, ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಮರಿಗಾಗಿ ನಾಯಿ ಕೂಡಿಹಾಕುವವನೊಬ್ಬನ ಗೂಡಿನಿಂದ. ಚಾರ್ಲಿ ಎಂಬ ಗಂಡು ಹೆಸರಿನ ನಾಯಿ ಹೆಣ್ಣು ಎಂಬುದು ಆ ಸಿನಿಮಾದಲ್ಲಿ ನಗು ಬರಿಸುತ್ತದೆ, ಕೊನೆಗೆ ಅಳಿಸುವುದೂ ಅದೇ.

ಕಳಸದ ಕಡೆ ಮರಿಗೆ ದುಡ್ಡು ಕೊಡುವ ರೂಢಿ ಇರಲಿಲ್ಲ. ಗಂಡು ಮರಿಯನ್ನು ಕೇಳಿ ಪಡೆಯುತ್ತಿದ್ದರು, ಬದಲಿಗೆ ಒಂದು ತೆಂಗಿನಕಾಯಿಯೋ ಸೇರು ಅಕ್ಕಿಯೋ ಕೊಟ್ಟರೆ ಆಯಿತು. ಹೆಣ್ಣು ಮರಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಆಗ ಸುತ್ತಲಿನ ಗಂಡು ನಾಯಿಗಳೆಲ್ಲ ಅಂಗಳದಲ್ಲಿ ಕಾದಾಡುತ್ತವೆ, 63 ದಿನ ಕಳೆದರೆ ಮತ್ತೆ ಆರೇಳು ಮರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯನ್ನು ನಿಲ್ಲಿಸಿತು. 1987ರಲ್ಲಿ ನಮ್ಮ ಪಕ್ಕದ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಸೋವುವ ನಾಯಿಯ ಕೆಲಸ ಹೋಯಿತು, ಅಂಗಳ ಕಾಯುವ ಕೆಲಸ ಉಳಿಯಿತು. ಅಂಗಳ ಕಾಯಲು ಹೆಣ್ಣು ನಾಯಿ ಯಾವುದರಲ್ಲೂ ಕಡಿಮೆಯಿಲ್ಲ. ಆದರೂ "ಗಂಡೆಷ್ಟು?" ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಹೆಣ್ಣು ಮರಿಯ ಮೇಲಿನ ಬೇಸರಕ್ಕೆ ಹುಚ್ಚುನಾಯಿಯ ಭಯವೂ ಸೇರಿತ್ತು. ಪ್ಯಾಸ್ಟರ್ 1885ರಲ್ಲಿ ಮೊದಲ ಸಲ ಮನುಷ್ಯನಿಗೆ ರೇಬೀಸ್ ಲಸಿಕೆ ಕೊಟ್ಟ ಮೇಲೆ, 1907ರಲ್ಲಿ ಕೂನೂರಿನಲ್ಲಿ ದಕ್ಷಿಣ ಭಾರತದ ಪ್ಯಾಸ್ಟರ್ ಸಂಸ್ಥೆ ಶುರುವಾಯಿತು. 1911ರ ಹೊತ್ತಿಗೆ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ಕುರಿಯ ಮೆದುಳಿನಿಂದ ಲಸಿಕೆ ಮಾಡುವ ಕ್ರಮ ರೂಪಿಸಿದ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ನಮ್ಮ ಅಪ್ಪ ಅಮ್ಮಂದಿರು ಮಕ್ಕಳನ್ನು ಹೆದರಿಸುತ್ತಿದ್ದದ್ದು ಈ ಲಸಿಕೆಯನ್ನೇ ನೆನೆದು. ಭಾರತದಲ್ಲಿ ಅದು ನಿಂತದ್ದು 2004ರ ಕೊನೆಗೆ. ನೂರು ವರ್ಷದ ಆ ಭಯದಲ್ಲಿ ಹೆಚ್ಚು ಮರಿ ಎಂದರೆ ಹೆಚ್ಚು ಅಪಾಯ ಎಂಬ ಲೆಕ್ಕ ಸಹಜವಾಗಿಯೇ ಇತ್ತು. ಆದರೆ ಹೊಳೆ ದಾಟಿಸಿದ ಮರಿಗಳಲ್ಲಿ ಬದುಕಿದವು ಆಚೆ ದಡದಲ್ಲಿ ಬೀದಿ ನಾಯಿಗಳಾಗಿ ಮತ್ತೆ ಮರಿ ಹಾಕುತ್ತಿದ್ದವು. ನಾವು ಕಳಿಸಿದ ಭಯ ಬೇರೆಯವರ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಆಚೆ ದಡದವರು ತಮ್ಮ ಮರಿಗಳನ್ನು ಈಚೆಗೆ ದಾಟಿಸುತ್ತಿದ್ದರು ಎಂದು ಅಮ್ಮ ಹೇಳುತ್ತಾರೆ.

*

ಇನ್ನು ನಮ್ಮ ಏಳು ಮರಿಗಳ ವಿಷಯ.

ಮೊದಲ ಎರಡು ವಾರ ಮರಿಗಳಿಗೆ ತಮ್ಮ ಮೈಯ ಬಿಸಿಯನ್ನು ತಾವೇ ಕಾಪಾಡಿಕೊಳ್ಳಲು ಬರುವುದಿಲ್ಲ. ಮಳೆಗಾಲದ ಕಳಸದಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಅಮ್ಮ ಬಚ್ಚಲೊಲೆಯ ಹಿಂದಿನ ಗೋಡೆಗೆ ತಾಗಿದಂತೆ ಬೂದಿ ಹರಡಿ, ಮೇಲೆ ಗೋಣಿ ಹಾಸಿ, ಕೆಂಪಿಯನ್ನೂ ಮರಿಗಳನ್ನೂ ಅಲ್ಲಿಗೆ ಸಾಗಿಸಿದರು. ಅಜ್ಜಿಯೂ ಹಾಗೇ ಮಾಡುತ್ತಿದ್ದರಂತೆ. ಬೂದಿ ತೇವ ಹೀರುತ್ತದೆ, ಗೋಡೆ ಬೆಚ್ಚಗಿರುತ್ತದೆ. ಹುಟ್ಟಿದ ಮೊದಲ ದಿನದ ಗಿಣ್ಣುಹಾಲು ಏಳಕ್ಕೂ ಸಿಕ್ಕಿತೇ ಎಂದು ಅಮ್ಮ ಎಣಿಸಿ ನೋಡಿದರು, ಸಣ್ಣವನ್ನು ಹಿಂದಿನ ಮೊಲೆಗೆ ಹಿಡಿದರು. ತಾಯಿ ನೆಕ್ಕದಿದ್ದರೆ ಇಷ್ಟು ಸಣ್ಣ ಮರಿಗಳು ಉಚ್ಚೆಯನ್ನೂ ಹೊಯ್ಯಲಾರವು. ಆದ್ದರಿಂದ ಕೆಂಪಿ ಮೊದಲ ದಿನಗಳಲ್ಲಿ ಗಂಜಿ ಕುಡಿಯಲು ಎದ್ದು ಹೋದರೂ ಓಡಿ ಬರುತ್ತಿತ್ತು.

ಹನ್ನೆರಡನೆಯ ದಿನ ಒಂದು ಮರಿಯ ಬಲಗಣ್ಣು ಸೀಳಿತು. ಎರಡು ದಿನದಲ್ಲಿ ಎಲ್ಲವೂ ಕಣ್ಣು ಬಿಟ್ಟವು. ಮೊದಲು ಎಲ್ಲರ ಕಣ್ಣೂ ಮಂಜು ಮಂಜು ನೀಲಿ. ಚಿಕ್ಕಪ್ಪ ಹೇಳಿದ ಗಡುವು ಮುಗಿಯಿತು ಎಂದು ಅಮ್ಮ ನಕ್ಕರು. ಮೂರನೇ ವಾರ ಹಾಲುಹಲ್ಲು ಬಂತು, ಕೆಂಪಿ ಕುಂಯ್ ಎಂದು ಎದ್ದು ಹೋಗತೊಡಗಿತು. ಮರಿಗೆ ದನದ ಹಾಲು ಹಾಕಬೇಡ, ತಾಯಿಗೆ ಹಾಕು ಎಂಬುದು ಅಜ್ಜಿಯ ಮಾತಂತೆ. ನಾಯಿಯ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ದನದ ಹಾಲಿಗಿಂತ ಎರಡು ಪಟ್ಟು ಹೆಚ್ಚು ಎಂದು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಕೆಂಪಿಗೆ ಮೊಟ್ಟೆ, ಮೀನಿನ ತಲೆ ಬೇಯಿಸಿದ ಗಂಜಿ. ಮರಿಗಳಿಗೆ ನಾಲ್ಕನೇ ವಾರದಿಂದ ಕಿವುಚಿದ ಅನ್ನ. ಜಂತುಹುಳು ತಾಯಿಯ ಹೊಟ್ಟೆಯಲ್ಲೇ ಮರಿಗೆ ಸೇರಿರುತ್ತದೆ, ಎರಡನೇ ವಾರದಿಂದಲೇ ಔಷಧಿ ಕೊಡಬೇಕು ಎಂದು ಪಶುವೈದ್ಯರು ಹೇಳಿದ್ದರು. ಅದನ್ನು ನೆನಪಿನಿಂದ ಕೊಟ್ಟೆವು. ಸಂಜೆ ದೀಪದ ಕೆಳಗೆ ಕೂತು ಒಂದೊಂದೇ ಮರಿಯ ಕಿವಿಯಿಂದ ಉಣುಗು ತೆಗೆಯುವುದು ನನ್ನ ಕೆಲಸವಾಗಿತ್ತು.

ಆರನೇ ವಾರ ಲಸಿಕೆ ಹಾಕಿಸಬೇಕಿತ್ತು. ಮೂಡಿಗೆರೆಯಿಂದ ಐಸ್ ಡಬ್ಬಿಯಲ್ಲಿ ತರಬೇಕು. ಆ ವಾರ ಮಳೆ ಜೋರಾಗಿ, ರಸ್ತೆಗೆ ಮರ ಬಿದ್ದು, ಕರೆಂಟು ಹೋಗಿ, ಮುಂದಿನ ವಾರ ನೋಡಿದರಾಯಿತು ಎಂದುಕೊಂಡೆ. ರಸ್ತೆ ಮರುದಿನವೇ ತೆರೆದಿತ್ತು. ನಾನು ಹೋಗಲಿಲ್ಲ.

ಮುಂದಿನ ವಾರ ಕಪ್ಪು ಗಂಡು ಮರಿ ಅನ್ನ ಬಿಟ್ಟಿತು. ಸಂಜೆ ವಾಂತಿ, ರಾತ್ರಿ ರಕ್ತಭೇದಿ. ಆ ವಾಸನೆ ಒಮ್ಮೆ ಗೊತ್ತಾದವರು ಮರೆಯುವುದಿಲ್ಲ. ಪಾರ್ವೊ. ಬೆಳಗ್ಗೆ ಹೆಣ್ಣು ಮರಿಯೊಂದಕ್ಕೂ ಶುರುವಾಯಿತು. ಎರಡನ್ನೂ ಟವೆಲ್ಲಿನಲ್ಲಿ ಸುತ್ತಿ ಡ್ರಿಪ್ ಹಾಕಿಸಿಕೊಂಡು ಬಂದೆವು. ಮೂರು ದಿನ ಹಾಗೇ ಹೋಗಿ ಬಂದೆವು. ನಾಲ್ಕನೇ ದಿನ ಬೆಳಗಿನ ಜಾವ, ಏಳರಲ್ಲಿ ಎಲ್ಲಕ್ಕಿಂತ ದಪ್ಪಗಿದ್ದ, ಚಿಕ್ಕಪ್ಪ ನೋಡದೆಯೇ ತನಗೆಂದು ಗೊತ್ತು ಮಾಡಿದ್ದ ಆ ಕಪ್ಪು ಗಂಡು ಮರಿ ನನ್ನ ಕೈಯಲ್ಲೇ ತಣ್ಣಗಾಯಿತು. ಹೆಣ್ಣು ಮರಿ ಉಳಿಯಿತು.

ಈ ರೋಗ ಅಜ್ಜಿಯ ಕಾಲದಲ್ಲಿ ಇರಲಿಲ್ಲ. ಪಾರ್ವೊ ಚರಿತ್ರೆಗೆ ಹೊಸದು. ಬೆಕ್ಕುಗಳಲ್ಲಿದ್ದ ವೈರಸ್ಸಿನ ಹತ್ತಿರದ ಸಂಬಂಧಿ ರೂಪ ಬದಲಿಸಿ ನಾಯಿಗೆ ಹತ್ತಿದ್ದು ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ಎರಡೇ ವರ್ಷದಲ್ಲಿ ಭೂಮಿಯ ಎಲ್ಲ ಕಡೆ ಹರಡಿತು. 1980ರ ದಶಕದ ಆರಂಭದಲ್ಲಿ ಭಾರತದಲ್ಲೂ ವರದಿಯಾಯಿತು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಯಲ್ಲಿ ಮನೆಗೆ ಬರುತ್ತದೆ. ಬೂದಿ, ಗೋಣಿ, ಗಂಜಿಯ ತಿಳುವಳಿಕೆ ಇದರ ಮುಂದೆ ಸಾಲುವುದಿಲ್ಲ. ಅಜ್ಜಿಯಿಂದ ಅಮ್ಮನಿಗೆ ಬಂದ ತಿಳುವಳಿಕೆಯಲ್ಲಿ ತಪ್ಪಿರಲಿಲ್ಲ. ಹೊಸ ಕಾಲ ನನ್ನಿಂದ ಕೇಳಿದ್ದು ಒಂದೇ ಕೆಲಸ, ಸರಿಯಾದ ವಾರದಲ್ಲಿ ಒಂದು ಸೂಜಿ. ಅದನ್ನು ನಾನು ತಪ್ಪಿಸಿದ್ದೆ.

ಆ ದಿನಗಳಲ್ಲಿ ಓದಿದ ಒಂದು ಸಂಗತಿ ಮನಸ್ಸಿನಲ್ಲಿ ಉಳಿದಿದೆ. ಜರ್ಮನಿಯ ಬಾನ್ ನಗರದ ಹತ್ತಿರ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಹಳೆಯ ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಯಲ್ಲಿ ಒಂದು ನಾಯಿ. ಸುಮಾರು 14,000 ವರ್ಷ ಹಿಂದಿನದು. ಮನುಷ್ಯರೊಂದಿಗೆ ಹೂಳಿದ ನಾಯಿಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿನಲ್ಲಿ ಅದಿದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಹಲ್ಲುಗಳನ್ನು ಪರೀಕ್ಷಿಸಿತು. ಅದು ಸುಮಾರು ಏಳು ತಿಂಗಳ ಮರಿ. ಹಲ್ಲಿನ ಮೇಲಿನ ಗುರುತುಗಳ ಪ್ರಕಾರ ಅದಕ್ಕೆ ಡಿಸ್ಟೆಂಪರ್ ಎಂಬ ರೋಗ ಬಂದಿರಬೇಕು, ಹಲವು ವಾರ ಯಾರಾದರೂ ಬೆಚ್ಚಗಿಟ್ಟು, ನೀರು ಕುಡಿಸಿ, ಶುಚಿ ಮಾಡದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲ ಎನ್ನುತ್ತಾರೆ ಅಧ್ಯಯನ ಮಾಡಿದವರು. ಬೇಟೆಗೆ ಹೋಗಲಾಗದ, ಅಂಗಳ ಕಾಯಲಾಗದ ಮರಿ ಅದು. ಕಾಳಿಗಿಂತ ಹದಿಮೂರು ಸಾವಿರ ವರ್ಷ ಹಿಂದೆ, ಯಾವ ಕೆಲಸಕ್ಕೂ ಬಾರದ ಒಂದು ಮರಿಯನ್ನು ಯಾರೋ ರಾತ್ರಿಯೆಲ್ಲ ಎದ್ದು ನೋಡಿಕೊಂಡಿದ್ದರು.

ತಾಯಂದಿರ ಚರಿತ್ರೆಯನ್ನೂ ಕೊನೆಗೆ ವಿಜ್ಞಾನವೇ ಹುಡುಕಹೊರಟಿತು. ನಾಯಿ ಮೊದಲು ಎಲ್ಲಿ ಮನುಷ್ಯನ ಜೊತೆ ಸೇರಿತು ಎಂದು ತಿಳಿಯಲು 2002ರಲ್ಲಿ ಸ್ವೀಡನ್ನಿನ ಪೀಟರ್ ಸಾವೊಲೈನೆನ್ ಮತ್ತು ಸಂಗಡಿಗರು ನೂರಾರು ನಾಯಿಗಳ ಮೈಟೊಕಾಂಡ್ರಿಯದ ಡಿಎನ್‌ಎ ಹೋಲಿಸಿದರು. ಅದು ತಾಯಿಯಿಂದ ಮಾತ್ರ ಮರಿಗೆ ಬರುವ ಡಿಎನ್‌ಎ. ಅವರು ಪೂರ್ವ ಏಷ್ಯಾದ ಕಡೆ ಬೆರಳು ತೋರಿಸಿದರು, ಬೇರೆಯವರು ಒಪ್ಪಲಿಲ್ಲ, ಚರ್ಚೆ ನಡೆಯುತ್ತಲೇ ಇದೆ. ಆದರೆ ದಾರಿ ಹುಡುಕಿದ್ದು ತಾಯಿ, ಅವಳ ತಾಯಿ, ಅವಳ ತಾಯಿ ಎಂದು. ಕೆಂಪಿಯ ಮೈಯಲ್ಲಿಯೂ ಆ ಸಾಲು ಇದೆ. ಗಂಡು ಮರಿಯನ್ನು ಮಾತ್ರ ಇಟ್ಟುಕೊಂಡ ಮನೆಯಲ್ಲಿ ಆ ಸಾಲು ಅಲ್ಲಿಗೆ ನಿಲ್ಲುತ್ತದೆ.

*

ಆರು ಮರಿ ಉಳಿದವು. ಎಂಟು ವಾರ ತುಂಬುವ ಮುಂಚೆ ಯಾರಿಗೂ ಕೊಡಲಿಲ್ಲ. ಉಳಿದ ಗಂಡು ಮರಿಯನ್ನು ಚಿಕ್ಕಪ್ಪ ಒಯ್ದರು. ಲೈನ್ ಮನೆಯ ಇಬ್ಬರು ಹೆಂಗಸರು ಒಂದೊಂದು ಹೆಣ್ಣು ಮರಿ ಕೇಳಿದರು. "ಆರು ತಿಂಗಳಾದ ಮೇಲೆ ಆಪರೇಷನ್ ನೀವೇ ಮಾಡಿಸ್ತೀರಲ್ಲ ಅಕ್ಕ? ಹಾಗಾದ್ರೆ ಹೆಣ್ಣಾದ್ರೆ ಏನು" ಎಂದರು. ನಮ್ಮ ದೇಶದಲ್ಲಿ ಬೀದಿ ನಾಯಿಗಳ ಸಂತಾನಹರಣಕ್ಕೆ ನಿಯಮಗಳು ಬಂದದ್ದು 2001ರಲ್ಲಿ, 2023ರಲ್ಲಿ ಹೊಸ ನಿಯಮಗಳು ಬಂದವು. ಬೀದಿ ನಾಯಿಯ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2025ರಲ್ಲಿ ದೇಶವೆಲ್ಲ ಅದನ್ನೇ ಮಾತಾಡಿತು. ನಮ್ಮ ಊರಿನ ಮಟ್ಟಿಗೆ ಆ ದೊಡ್ಡ ಚರ್ಚೆಯ ತಿರುಳು ಲೈನ್ ಮನೆಯ ಆ ಒಂದು ಮಾತಿನಲ್ಲಿತ್ತು.

ಪಾರ್ವೊದಿಂದ ಉಳಿದ ಹೆಣ್ಣು ಮರಿಯನ್ನು ಹೊರನಾಡಿನ ಕಡೆಯ ಒಬ್ಬ ಮೇಷ್ಟ್ರು ಕೇಳಿ ಪಡೆದರು. ಅದನ್ನು ಬಿಡಲು ನಾನೇ ಹೋದೆ. ಮತ್ತೆ ಹೆಬ್ಬಾಳೆಯಲ್ಲೇ ಹೊಳೆ ದಾಟಬೇಕಾಯಿತು. ಈ ಸಲ ಚೀಲವಿರಲಿಲ್ಲ, ಮರಿ ತೊಡೆಯ ಮೇಲೆ ಕೂತು ಕಿಟಕಿಯಿಂದ ನೀರು ನೋಡುತ್ತಿತ್ತು. ಮೇಷ್ಟ್ರ ಹೆಂಡತಿ ಮರಿಯನ್ನು ಎತ್ತಿಕೊಂಡು ಒಳಗೆ ಹೋದ ಮೇಲೆಯೂ ನಾನು ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತಿದ್ದೆ.

ಉಳಿದ ಎರಡು ಹೆಣ್ಣು ಮರಿಗಳು ನಮ್ಮ ಮನೆಯಲ್ಲೇ ಉಳಿದವು. ಕಪ್ಪಗಿದ್ದದ್ದಕ್ಕೆ ನಾನು ಕಾಳಿ ಎಂದು ಹೆಸರಿಟ್ಟೆ, ಇನ್ನೊಂದಕ್ಕೆ ಅಮ್ಮ ಬೆಳ್ಳಿ ಎಂದರು. ಕೆಂಪಿಯ ಹಾಲು ಬತ್ತಿದ ಮೇಲೆ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಲು ದಿನ ಗೊತ್ತು ಮಾಡಿದೆವು.

ಪ್ಯಾಸ್ಟರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನ ಎಂದು ಆಚರಿಸುತ್ತಾರೆ. ಆ ವಾರ ಉಚಿತ ಲಸಿಕೆ ಶಿಬಿರ ಇತ್ತು. ಮರಿಗಳಿಗೆ ಸರಿಯಾಗಿ ಮೂರು ತಿಂಗಳು ತುಂಬುತ್ತಿತ್ತು. ಈ ಸಲ ಒಂದು ದಿನವೂ ತಡಮಾಡದೆ ಮೂರನ್ನೂ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಮೇಜಿನ ಮೇಲೆ ಒಂದು ರಿಜಿಸ್ಟರ್ ಇತ್ತು. ಮಾಲೀಕರ ಹೆಸರು, ಊರು, ನಾಯಿಯ ಹೆಸರು, ಗಂಡೋ ಹೆಣ್ಣೋ, ವಯಸ್ಸು. ತಾಯಿಯ ಹೆಸರಿಗೆ ಅಲ್ಲೂ ಕಾಲಂ ಇರಲಿಲ್ಲ. ಬರೆಯುತ್ತಿದ್ದ ಹುಡುಗ, "ಮೊದಲು ಯಾವುದು ಮೇಡಂ?" ಎಂದ.

"ಕೆಂಪಿ, ಹೆಣ್ಣು, ನಾಲ್ಕು ವರ್ಷ" ಎಂದೆ. ಅದರ ಕೆಳಗೆ ಕಾಳಿ, ಹೆಣ್ಣು, ಮೂರು ತಿಂಗಳು. ಅದರ ಕೆಳಗೆ ಬೆಳ್ಳಿ, ಹೆಣ್ಣು, ಮೂರು ತಿಂಗಳು. ಅವನು ಬರೆದುಕೊಂಡು, "ಮೂರೂ ಹೆಣ್ಣಾ?" ಎಂದು ತಲೆ ಎತ್ತಿ ನೋಡಿದ.

ಹೌದು ಎಂದೆ.